ಬರಿಗೊರಳಿನ ಫೋಟೋ

ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣಕ್ಕೆ ನೆಲ ಸಮ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಅಲ್ಲೇ ಹತ್ತಿರದ ಒಂದು ಹೊಸ ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಪಾಠ ಮಾಡುತ್ತಿದ್ದೆ. ಪಾಠ ಮಾಡುತ್ತಿದ್ದೆ ಅನ್ನುವುದಕ್ಕಿಂತ ಬಯ್ಯುತ್ತಿದ್ದೆ ಅನ್ನಬೇಕು. ಆಪರೇಷನ್ ಥಿಯೇಟರಿನಲ್ಲಿ ಹತ್ತು ಹದಿನೈದು ವಿದ್ಯಾರ್ಥಿಗಳು ನನ್ನ ಬೆನ್ನ ಹಿಂದೆ ಸ್ಟೂಲು ಹತ್ತಿ ಇಣುಕುತ್ತಿದ್ದರು. ಒಮ್ಮೆ, "ಏನಪ್ಪಾ, ಏನ್ ಕಾಣಿಸ್ತು?" ಎಂದು ಕೇಳಿದರೆ ಒಬ್ಬ, "ನಿಮ್ ಟೋಪಿ ಸಾರ್," ಎಂದ. ಅವನನ್ನು ಆಚೆಗೆ ಕಳಿಸಿದೆ. ಮನೆಗೆ ಹೋಗುವಾಗ ಯೋಚಿಸಿದರೆ ಅವನು ಹೇಳಿದ್ದು ನಿಜವೇ ಆಗಿತ್ತು.

ಹಾಗಾಗಿ ಆಡಳಿತದವರ ತಲೆ ತಿಂದು ಒಂದು ವಿಡಿಯೊ ಕ್ಯಾಮೆರಾ, ಒಂದು ಪ್ರೊಜೆಕ್ಟರ್ ತರಿಸಿದೆ. ಡ್ರಿಪ್ ಬಾಟಲಿ ತೂಗುಹಾಕುವ ಕಂಬಕ್ಕೆ ಕ್ಯಾಮೆರಾ ಕಟ್ಟಿ, ಆಪರೇಷನ್ ಚಿತ್ರ ತೆಗೆದು, ಮೇಲೆ ನನ್ನ ದನಿ ಸೇರಿಸಿ, ಕ್ಲಾಸಿನಲ್ಲಿ ಗೋಡೆಯ ಮೇಲೆ ತೋರಿಸುವುದು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನ್ನ ಕಥೆಯೂ ಅದೇ. ಕುರು ಕೊಯ್ದರೂ ವಿಡಿಯೊ, ಹೊಲಿಗೆ ಬಿಚ್ಚಿದರೂ ವಿಡಿಯೊ.

ಆಗ ಬಂದರು ಆ ಹೆಂಗಸು. ಅಲ್ಲೇ ಪಕ್ಕದ ವಿಜಯಪುರದವರು, ರೇಷ್ಮೆ ನೂಲು ಬಿಚ್ಚುವ ಕೆಲಸ. ನಲವತ್ತರ ಆಸುಪಾಸು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ಕೊರಳಲ್ಲಿ ಗಳಗಂಡದ ಗಡ್ಡೆ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಂಥ ಗಡ್ಡೆ ನೋಡಿ ನನಗೆ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಪುಸ್ತಕದಲ್ಲಿ ಇರುವ ಹಾಗೇ ಇತ್ತು, ವಿಡಿಯೊಗೆ ಹೇಳಿ ಮಾಡಿಸಿದ್ದು.

ಆಪರೇಷನ್ನಿನ ಹಿಂದಿನ ದಿನ ಒಪ್ಪಿಗೆ ಪತ್ರ ಹಿಡಿದು ಹಾಸಿಗೆಯ ಹತ್ತಿರ ಹೋದೆ. ಗಂಡ ಪಕ್ಕದಲ್ಲೇ ಕೂತಿದ್ದರು.

"ಆಪರೇಷನ್ ಟೈಮಲ್ಲಿ ಫೋಟೋ ತೆಗೀತೀವಮ್ಮ. ನಮ್ ಹುಡುಗ್ರ ಪಾಠಕ್ಕೆ ಬೇಕು."

"ಹೋದ್ವಾರ ಕತ್ತಿಂದು ತೆಗುದ್ರಲ್ಲಾ ಸಾರ್, ಅಂಗಾ?" ಎಂದು ಆಕೆ ಕೇಳಿದರು.

ನಮ್ಮ ಕಡೆ ಫೋಟೋ ಅಂದರೆ ಎಕ್ಸ್‌ರೇ. "ಮೊಣಕಾಲು ಫೋಟೋ ತೆಗಿಸ್ಕಂಡು ಬಂದೆ," "ಫೋಟೋದಲ್ಲಿ ಏನೂ ಇಲ್ಲ ಅಂದ್ರು," ಹೀಗೇ ಮಾತಾಡುವುದು. ಊರಿಗೆಲ್ಲ ಗೊತ್ತಿರುವುದು ವೈದ್ಯನಾದ ನನಗೆ ಗೊತ್ತಿರಲಿಲ್ಲವೇ? ಹಿಂದಿನ ವಾರ ಅವರ ಕತ್ತಿನ ಎಕ್ಸ್‌ರೇಗೆ ಬರೆದುಕೊಟ್ಟವನೇ ನಾನು. ಬಿಡಿಸಿ ಹೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಅನ್ನಿಸಿತು.

"ಹೂಂ, ಹಂಗೇ ಅಂತಿಟ್ಕೊಳ್ಳಿ," ಎಂದೆ. ಅವರು ನಿಧಾನವಾಗಿ ರುಜು ಹಾಕಿದರು.

ಮರುದಿನ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ತಕರಾರು. ಕೊರಳಿನ ಆಪರೇಷನ್, ತಾಳಿ ಬಿಚ್ಚಲೇಬೇಕು. ಅವರು ಒಪ್ಪುತ್ತಿಲ್ಲ. ನರ್ಸು ಹೇಳಿ ಹೇಳಿ ಸಾಕಾಗಿ ನನ್ನನ್ನು ಕರೆದಳು. ಕೊನೆಗೆ ಗೋಡೆಯ ಕಡೆ ತಿರುಗಿ ನಿಂತು, ತಾವೇ ಬಿಚ್ಚಿ, ಅಂಗೈಯಲ್ಲಿ ಮುಚ್ಚಿ ನರ್ಸಿಗೆ ಕೊಟ್ಟರು. "ನಮ್ಮೆಜಮಾನ್ರ ಕೈಗೇ ಕೊಡವ್ವ, ಇನ್ಯಾರ ಕೈಗೂ ಬ್ಯಾಡ." ಆಮೇಲೆ ಎರಡೂ ಕೈಯಲ್ಲಿ ಕೊರಳು ಮುಚ್ಚಿಕೊಂಡು ನನ್ನ ಕಡೆ ನೋಡಿದರು. "ಗಂಡ ಇರೋಳು ಸಾರ್ ನಾನು. ಬರೀ ಕತ್ತು ಯಾರ ಕಣ್ಣಿಗೂ ಬೀಳ್ಬಾರ್ದು."

"ಒಳಗೆ ನಾವು ನಾಲ್ಕು ಜನ ಬಿಟ್ರೆ ಯಾರೂ ನೋಡಲ್ಲ ಕಣಮ್ಮ," ಎಂದೆ.

ಕಂಬದ ಮೇಲೆ ಕ್ಯಾಮೆರಾ ಆಗಲೇ ಕಟ್ಟಿಯಾಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು, ವಿಡಿಯೊ ಇನ್ನೂ ಚೆನ್ನಾಗಿ ಬಂತು. ಅರಿವಳಿಕೆ ಕೊಟ್ಟು ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು, ಗದ್ದ ಮೇಲೆತ್ತಿದ ಚಿತ್ರದಿಂದಲೇ ಶುರು. ಮುಖ, ಕೊರಳು, ಎಲ್ಲ ಸ್ಪಷ್ಟ. ಬೇರೆ ವಿಭಾಗದವರೂ ಬಂದು ನೋಡಿ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಮೂರು ತಿಂಗಳಾದ ಮೇಲೆ ಅವರು ಪರೀಕ್ಷೆಗೆ ಬಂದರು. ಗಾಯ ಮಾಯ್ದು ಕೂದಲೆಳೆಯಷ್ಟು ಗೆರೆ ಉಳಿದಿತ್ತು, ಅದರ ಮೇಲೆ ತಾಳಿ ಸರಿಯಾಗಿ ಕೂತಿತ್ತು. "ಈಗ ಅಂಗಾತ ಮಲಗ್ತೀನಿ ಸಾರ್," ಎಂದು ನಕ್ಕರು. ಅವತ್ತು ಹನ್ನೊಂದಕ್ಕೆ ನನ್ನ ಕ್ಲಾಸು, ಅದೇ ಪಾಠ. ನನ್ನ ಹಾಳು ಹೆಮ್ಮೆ ನೋಡಿ. "ಒಂದ್ನಿಮಿಷ ಬನ್ನಿ ಅಮ್ಮ, ಎಷ್ಟು ಚೆನ್ನಾಗಿ ಮಾಯ್ದಿದೆ ಅಂತ ನಮ್ ಹುಡುಗ್ರಿಗೆ ತೋರಿಸ್ಬೇಕು," ಎಂದೆ. ಗಂಡ ಮಾತ್ರೆ ತರಲು ಹೋಗಿದ್ದರು. ಅವರು ಸೆರಗು ಸರಿಮಾಡಿಕೊಂಡು ನನ್ನ ಹಿಂದೆ ಬಂದರು.

ಕ್ಲಾಸಿನಲ್ಲಿ ನನ್ನ ಸಹಾಯಕ ಎಲ್ಲವನ್ನೂ ಸಿದ್ಧ ಮಾಡಿ, ಮೊದಲ ಚಿತ್ರಕ್ಕೇ ನಿಲ್ಲಿಸಿದ್ದ. ಗೋಡೆಯ ತುಂಬ ಅವರ ಮುಖ, ಮುಚ್ಚಿದ ಕಣ್ಣು, ಬರಿಗೊರಳು. ಎದುರಿಗೆ ಅರವತ್ತು ಹುಡುಗ ಹುಡುಗಿಯರು.

ಬಾಗಿಲ ಒಳಗೆ ಎರಡು ಹೆಜ್ಜೆ ಇಟ್ಟವರು ನಿಂತುಬಿಟ್ಟರು.

"ಮೂಳೆ ಕಾಣ್ತದಲ್ಲಾ ಸಾರ್, ಕಪ್ಪು ಹಾಳೇಲಿ, ಆ ಫೋಟೋ ಅಂದ್ಕಂಡೆ ನಾನು." ಬೈಗುಳವಿಲ್ಲ, ಅಳುವಿಲ್ಲ. ಒಂದು ಕೈಯಲ್ಲಿ ತಾಳಿ ಗಟ್ಟಿಯಾಗಿ ಹಿಡಿದಿದ್ದರು. "ಮದ್ವೆಯಾದಾಗಿಂದ ನಮ್ಮೆಜಮಾನ್ರಿಗೂ ತೋರ್ಸಿಲ್ಲ ಇಂಗೆ. ಅಳಿಸ್ಬಿಡಿ ಸಾರ್."

ಕಂಪ್ಯೂಟರಿನ ಹತ್ತಿರ ಹೋಗಿ, ಅವರು ನೋಡುತ್ತಿರುವಾಗಲೇ ಅಳಿಸಿದೆ. ಗೋಡೆ ಖಾಲಿಯಾಯಿತು.

"ಎಲ್ಲಾ ಕಡೆನೂ ಹೋಯ್ತಾ?"

"ಹೋಯ್ತಮ್ಮ."

ಅವರು ನಂಬಿದರು. "ಜೀವ ಉಳಿಸ್ದೋರು ನೀವು. ನಿಮ್ ಮಾತು ಸಾಕು," ಎಂದು ಕೈ ಮುಗಿದು ಹೊರಟರು. ನನ್ನ ಕಪಾಟಿನಲ್ಲಿ ಮೂಲ ಟೇಪು ಇತ್ತು. ಅಲ್ಲಿ ಕೂತಿದ್ದ ಅರವತ್ತು ಜನಕ್ಕೂ ಹಿಂದಿನ ವಾರವೇ ಸಿಡಿ ಮಾಡಿ ಹಂಚಿದ್ದೆ. ನಾನು ಸುಳ್ಳು ಹೇಳಿದ್ದು ಅಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಕ್ಲಾಸು ಮುಗಿದ ಮೇಲೆ ಒಬ್ಬಳು ಹುಡುಗಿ ಮಾತ್ರ ತನ್ನ ಸಿಡಿ ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಉಳಿದವರ ಹತ್ತಿರ ವಾಪಸು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಯಾರು ಒಪ್ಪಿಗೆ ಪತ್ರದ ಮಾತೆತ್ತಿದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನೇ ಮೊದಲು ಬೆವರುತ್ತಿದ್ದೆ.

ಆದರೂ ಮುಂದಿನ ವರ್ಷ ಆ ಟೇಪು ತೆಗೆದು ಮತ್ತೆ ತೋರಿಸಿದೆ. ಅಷ್ಟು ಒಳ್ಳೆಯ ವಿಡಿಯೊ ಇನ್ನೊಂದು ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗುರುತು ಸಿಗದಿರಲಿ ಎಂದು ಒಂದು ಸಂಜೆಯೆಲ್ಲ ಕೂತು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದೆ. ಕೊರಳನ್ನು ಮುಚ್ಚಲಿಲ್ಲ. ಪಾಠ ಇದ್ದದ್ದೇ ಅಲ್ಲಿ.