ಸೊನ್ನೆಯ ಆಚೆಗೂ ಉತ್ತರವುಂಟು

ಜತ್ತ ತಾಲೂಕಿನಲ್ಲಿ ಗಣಿತವೆಂದರೆ ಬೆವರೊರೆಸಿಕೊಳ್ಳುತ್ತಿದ್ದ ಮಕ್ಕಳಿಗೆ ಅದೇ ಗಣಿತದ ಮುಂದೆ ಬೆರಗಾಗಿ ನಿಲ್ಲುವುದನ್ನು ಕಲಿಸಿದ ಹಿರಿಯರು, ಬಿಳೂರಿನ ಪ್ರಾಧ್ಯಾಪಕ ಜಹಾಂಗೀರ ನದಾಫ ಅವರು. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ದೊಡ್ಡಸ್ತಿಕೆಯನ್ನು ಬಣ್ಣಿಸಲು ಹೊರಟರೆ ಈ ಅಭಿನಂದನ ಸಂಪುಟವೇ ಸಾಲದು; ಬೆಳುಂಕಿಯಲ್ಲಿ ಮನೆ ಕಟ್ಟುವ ಗವಂಡಿ ಧನಾಜಿಯವರ ಮಗಳು ಮೋನಾಲಿಗೆ ಒದಗಿದ ಪ್ರಸಂಗವೊಂದನ್ನು ಹೇಳಿದರೆ ಸಾಕು.

"ಉತ್ತರ ಬಂತಂತ ಕುಣೀಬ್ಯಾಡ್ರಿ, ತಿರುಗಿ ಸಮೀಕರಣದಾಗ ಹಾಕಿ ತಾಳಾ ನೋಡ್ರಿ" ಎಂದು ಪ್ರತಿ ಉತ್ತರವನ್ನೂ ತಾಳೆ ನೋಡಿಸುವುದು ಸರ್ ಹಾಕಿಕೊಟ್ಟ ಪದ್ಧತಿ. ಮೋನಾಲಿಗೆ ಅದು ವೇದವಾಕ್ಯ. ಪರೀಕ್ಷೆಯಲ್ಲಿ ಬಲಗಡೆ ಬರೀ ಸೊನ್ನೆಗಳಿದ್ದ ಲೆಕ್ಕ ಬಂತು:

x + y + z = 0
x + 2y + 3z = 0
2x + 3y + 4z = 0

x, y, z ಮೂರಕ್ಕೂ ಸೊನ್ನೆ ಹಾಕಿದಳು, ತಾಳಾ ಬಂತು, ಖುಷಿಯಿಂದ ಎದ್ದು ಹೊರಬಂದಳು. ಪಾಪ, ಅಂಕ ಸಿಗಲಿಲ್ಲ! ತಾಳಾ ಬಂದರೂ ತಪ್ಪೆಂದ ಮೇಲೆ ಈ ವಿದ್ಯೆ ತನ್ನಂಥವಳ ಕೈಗೆ ನಿಲುಕುವುದಲ್ಲ ಎಂದುಕೊಂಡವಳು ಮರುದಿನವೇ ಸರ್ ಮುಂದೆ ನಿಂತು, "ಗಣಿತಾ ಬಿಡ್ತೀನ್ರಿ, ಆರ್ಟ್ಸಿಗೆ ಹೋಗ್ತೀನ್ರಿ" ಎಂದಳು.

ಸರ್ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಅವಳನ್ನು ತರಗತಿಗೆ ಕರೆದೊಯ್ದು ಎಲ್ಲರೆದುರು ಹೇಳಿದರು: "ತಪ್ಪು ಈಕೀದಲ್ಲ, ನಂದು. ಉತ್ತರ ಖರೇನೋ ಸುಳ್ಳೋ ಅಷ್ಟ ತಾಳಾ ಹೇಳ್ತದ. ಬ್ಯಾರೆ ಉತ್ತರ ಅದಾವೋ ಇಲ್ಲೋ ಅದು ಹೇಳೂದಿಲ್ಲ ಅನ್ನೂದನ್ನ ನಾನು ಕಲಿಸಲೇ ಇಲ್ಲ."

ಆಮೇಲೆ ಅದೇ ಮೂರು ಸಮೀಕರಣಗಳನ್ನು ಹಲಗೆಯ ಮೇಲೆ ಬರೆದರು. ಮೊದಲೆರಡನ್ನು ಕೂಡಿಸಿದರೆ ಮೂರನೆಯದು ಬರುತ್ತದೆ, ಅಂದರೆ ಅದು ಹೊಸದೇನನ್ನೂ ಹೇಳುತ್ತಿಲ್ಲ. ಅವುಗಳ ಅಂಕಿಗಳನ್ನು ಚೌಕವಾಗಿ ಜೋಡಿಸಿದರೆ ಡಿಟರ್ಮಿನೆಂಟ್ ಸೊನ್ನೆ, ಇಂಥದ್ದೇ ಸಿಂಗ್ಯುಲರ್ ಮ್ಯಾಟ್ರಿಕ್ಸ್ ಎಂದು ತೋರಿಸಿ, ಸೀಮೆಸುಣ್ಣ ಅವಳ ಕೈಗಿಟ್ಟರು. "x ಒಂದಂತ ಹಿಡಿಯವ್ವಾ, ನೋಡು."

ಒಂದು, ಮೈನಸ್ ಎರಡು, ಒಂದು. ತಾಳಾ ಬಂತು. ಎಲ್ಲವನ್ನೂ ದುಪ್ಪಟ್ಟು ಮಾಡಿದಳು, ಮತ್ತೂ ಬಂತು!

"ಇಂಥವು ಎಷ್ಟ ಅದಾವ್ರಿ, ಸರ್?"

"ಲೆಕ್ಕ ಇಲ್ಲವ್ವಾ."

ಅಬ್ಬಾ! ಮೋನಾಲಿಯ ಮೈ ಜುಮ್ಮೆಂದಿತು. ಬರೀ ಸೊನ್ನೆ ಕಂಡಲ್ಲಿ ಇಷ್ಟೆಲ್ಲ ಅಡಗಿತ್ತೇ? ಆರ್ಟ್ಸಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಇಂದು ಅದೇ ವಿಭಾಗದಲ್ಲಿ ಅವಳೂ ಪ್ರಾಧ್ಯಾಪಕಿ. ಮೊನ್ನೆ ಚಹಾ ಕುಡಿಯುತ್ತ ಸರ್, "ಮುಂದಿನ ತಿಂಗಳಿಂದ ನನ್ನ ಕೆಲಸ ಸೊನ್ನಿ ನೋಡವ್ವಾ" ಎಂದು ನಕ್ಕರು. ನಗುವಿನಲ್ಲಿ ನೋವಿತ್ತು.

ಹಿರಿಯರಿಗೆ ಆರೋಗ್ಯವೂ ತುಂಬು ಆಯುಷ್ಯವೂ ಒದಗಲಿ, ಅವರ ಪಾಠ ನಿಲ್ಲದಿರಲಿ ಎಂದು ಶಿಷ್ಯಬಳಗವೆಲ್ಲ ಹಾರೈಸುತ್ತದೆ. ಮೋನಾಲಿಯಂತೂ ಮೊನ್ನೆ ಚಹಾದ ಹೊತ್ತಿನಲ್ಲೇ ಹಾರೈಸಿಯಾಗಿತ್ತು:

"ಸೊನ್ನಿ ಒಂದು ಉತ್ತರ ಖರೇರಿ, ಸರ್. ಅಲ್ಲಿಗೇ ಎದ್ದು ಬಂದ್ರ ಅಂಕ ಸಿಗೂದಿಲ್ರಿ."