ಎರಡು ಮೆಟ್ಟಿಲಿನಷ್ಟು ನೀರು

ಕೊನೆಯ ದಿನ ಅಂತ ಗೊತ್ತಿದ್ದರೆ ಅವಳು ಗಂಡನ ಊಟದ ಡಬ್ಬಿಗೆ ಇನ್ನೊಂದಿಷ್ಟು ಹಾಕುತ್ತಿದ್ದಳು. ಗೊತ್ತಿರಲಿಲ್ಲ. ಮಧ್ಯಾಹ್ನ ಎಂದಿನಂತೆ ಡಬ್ಬಿ ಹಿಡಿದು ಕೈಗಾರಿಕಾ ಪ್ರದೇಶದ ಪಂಪ್ ಶೆಡ್ಡಿಗೆ ನಡೆದಳು. ಶೆಡ್ಡಿನ ಬಾಗಿಲ ಮುಂದೆ ಎರಡು ಕಲ್ಲಿನ ಮೆಟ್ಟಿಲು. ಮೇಲಿನದರಲ್ಲಿ ಅಲ್ಲಿನ ಪಂಪ್ ಆಪರೇಟರ್ ಆದ ಗಂಡ ಕೂತ, ಕೆಳಗಿನದರಲ್ಲಿ ಅವಳು. ಉಣ್ಣುವಾಗ ಅವನು ಮಾತಾಡುವವನಲ್ಲ. ಆ ದಿನ ಮಾತಾಡಿದ.

“ಮುಂದಿನ ತಿಂಗಳು ಪರದೇಶದವರು ಬರ್ತಾರಂತೆ. ಸಾಹೇಬರೇ ಹೇಳಿದ್ರು. ನನ್ನ ಅಳತೆ ಪುಸ್ತಕ ನೋಡ್ತಾರಂತೆ.”

“ನಿಮ್ಮ ಪುಸ್ತಕದಲ್ಲಿ ನೋಡೋಕೆ ಏನಿದೆ ರೀ? ಮೊದಲನೇ ಪುಟದಿಂದ ಕೊನೇ ಪುಟದವರೆಗೂ ಹನ್ನೆರಡು, ಹನ್ನೆರಡು, ಹನ್ನೆರಡು.”

“ಅವರಿಗೆ ಬೇಕಾಗಿರೋದೇ ಅದು. ಹನ್ನೆರಡು ಹನ್ನೆರಡಾಗೇ ಇರೋದು.”

“ಹಾಗಾದ್ರೆ ಆ ಷರ್ಟಿಗೆ ಗುಂಡಿಯಾದ್ರೂ ಇರಲಿ. ಎರಡು ಉದುರಿವೆ.”

“ಹಾಕಿಕೊಡು ಮತ್ತೆ.”

“ನಾಳೆ ಹಾಕ್ತೀನಿ. ಊಟ ಮಾಡಿ.”

ಮರುದಿನ ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಾಗಿದವನು ಬಾಗಿದಂತೆಯೇ ಗೋಡೆಗೆ ಒರಗಿದ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತನಾಲ್ಕು ವರ್ಷ ಅವನಿಗೆ.

ಅವನನ್ನು ಎಲ್ಲರೂ ಟೇಪಣ್ಣ ಎನ್ನುತ್ತಿದ್ದರು. ಹೆಸರು ಹಾಗೇ ಬಂದದ್ದಲ್ಲ. ಶೆಡ್ಡಿನ ಅಂಗಳದಲ್ಲಿ ಎರಡು ಕೊಳವೆ ಬಾವಿಗಳಿದ್ದವು. ಒಂದಕ್ಕೆ ಮೋಟರು, ಇನ್ನೊಂದು ಖಾಲಿ. ಹನ್ನೊಂದು ವರ್ಷದ ಹಿಂದೆ ಒಬ್ಬ ಮುದಿ ಎಂಜಿನಿಯರ್ ಇದ್ದರು. “ದಿನಾ ಬೆಳಗ್ಗೆ ಮೋಟರು ಹಾಕೋ ಮುಂಚೆ ಖಾಲಿ ಬಾವಿಗೆ ಟೇಪು ಇಳಿಸು. ನೀರು ಎಷ್ಟು ಆಳದಲ್ಲಿದೆ ಅಂತ ಬರೆದಿಡು” ಎಂದು ಹೇಳಿ ಒಂದು ಟೇಪು ಕೊಟ್ಟರು. ಟೇಪಿನ ತುದಿಗೆ ಸಣ್ಣ ಹಿತ್ತಾಳೆ ಬಟ್ಟಲು ಕಟ್ಟಿತ್ತು, ಬೋರಲಾಗಿ. ಅದು ನೀರು ಮುಟ್ಟಿದರೆ ಗುಳುಕ್ ಅನ್ನುತ್ತದೆ. ಆಗ ಬಾವಿಯ ಪೈಪಿನ ಬಾಯಿಗೆ ಟೇಪು ಒತ್ತಿ ಹಿಡಿದು ಅಂಕಿ ಓದಬೇಕು. ಎಂಜಿನಿಯರು ಮರುವರ್ಷವೇ ನಿವೃತ್ತಿಯಾದರು. ಆಮೇಲೆ ಬಂದ ಯಾವ ಸಾಹೇಬರೂ ಆ ಪುಸ್ತಕ ಕೇಳಲಿಲ್ಲ. ಟೇಪಣ್ಣ ಬರೆಯುತ್ತಲೇ ಇದ್ದ.

“ಯಾರೂ ಕೇಳಲ್ಲ, ಯಾಕ್ರೀ ಬರೀತೀರಿ?” ಎಂದು ಅವಳು ಒಮ್ಮೆ ಕೇಳಿದ್ದಳು.

“ನಿಲ್ಲಿಸು ಅಂತ ಯಾರೂ ಹೇಳಿಲ್ಲವಲ್ಲ.”

ಅದೇ ಅವನ ಉತ್ತರ. ಜ್ವರ ಬಂದರೂ ಎದ್ದು ಹೋಗುತ್ತಿದ್ದ. ತಂಗಿಯ ಮದುವೆಯ ದಿನವೂ ಹೋಗಿ ಅಳೆದು ಬಂದು ಆಮೇಲೆ ಹೊಸ ಬಟ್ಟೆ ಉಟ್ಟ. ಕಾರ್ಖಾನೆ ಹುಡುಗರು ಗೇಟಿನಲ್ಲಿ ನಿಂತು “ಟೇಪಣ್ಣಾ, ನಮ್ಮ ಮ್ಯಾನೇಜರ್ ಹೊಟ್ಟೆ ಒಂದಿಷ್ಟು ಅಳತೆ ಮಾಡಪ್ಪಾ” ಅನ್ನುವರು. “ನನ್ನ ಟೇಪು ನೂರು ಮೀಟರೇ ಇರೋದು” ಅನ್ನುವನು. ಅವನಿಗೆ ಗೊತ್ತಿದ್ದ ಜೋಕು ಅದೊಂದೇ. ಹನ್ನೊಂದು ವರ್ಷ ಅದನ್ನೇ ಹೇಳಿದ.

ಅವನು ಇದ್ದಾಗಲೇ ರಾಜ್ಯಕ್ಕೂ ದೂರದ ಒಂದು ದೇಶಕ್ಕೂ ನಂಟು ಬೆಳೆಯಿತು. ಇಲ್ಲಿನ ದೊಡ್ಡವರು ವಿಮಾನ ಹತ್ತಿ ಅಲ್ಲಿಗೆ ಹೋದರು, ಅಲ್ಲಿನವರು ಇಲ್ಲಿಗೆ ಬಂದರು. ಕೈ ಕುಲುಕಿದ ಫೋಟೋ ಪತ್ರಿಕೆಯಲ್ಲಿ ಬಂತು. ನಿಮ್ಮ ಕಾರ್ಖಾನೆ ನಮ್ಮಲ್ಲಿ ಹಾಕಿ, ನೆಲ ಕೊಡುತ್ತೇವೆ, ಕರೆಂಟು ಕೊಡುತ್ತೇವೆ, ನೀರು ಕೊಡುತ್ತೇವೆ ಎಂದು ಮಾತಾಯಿತು. ಕಣ್ಣಿಗೆ ಬಿಡುವ ಔಷಧಿ ಮಾಡುವ ಒಂದು ಕಂಪನಿ ಮೊದಲು ಮುಂದೆ ಬಂತು. ಅದು ಬಂದರೆ ಹಿಂದೆಯೇ ಇನ್ನು ಹತ್ತು ಬರುತ್ತವೆ, ಅದು ಹೋದರೆ ಒಂದೂ ಬರುವುದಿಲ್ಲ ಎಂದು ಕೈಗಾರಿಕಾ ಪ್ರದೇಶದ ಆಫೀಸಿನ ಸಾಹೇಬರು ಎಲ್ಲರ ಮುಂದೆ ಹೇಳುತ್ತಿದ್ದರು.

ಅವಳ ಅತ್ತೆ, ಟೇಪಣ್ಣನ ತಾಯಿ, ಇದನ್ನು ಕೇಳಿ, “ಕಣ್ಣಿಗೆ ಬಿಡೋದು ಒಂದು ಹನಿ. ಅದಕ್ಕೆ ಒಂದು ಬಾವಿ ಬೇಕಂತಾ?” ಎಂದರು.

ಆಫೀಸಿನವರು ಮಿರಿಮಿರಿ ಮಿಂಚುವ ಒಂದು ಪುಸ್ತಕ ಅಚ್ಚು ಹಾಕಿಸಿ ಕಳಿಸಿದರು. ಅದರಲ್ಲಿ ‘ಹೇರಳವಾದ ನೀರು’ ಎಂದಿತ್ತು. ಆ ದೇಶದಿಂದ ಒಂದೇ ಸಾಲಿನ ಪತ್ರ ಬಂತು. ಹೇರಳ ಅಂದರೆ ಎಷ್ಟು? ಇಡೀ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಯಾರೋ ಗುಮಾಸ್ತ ಟೇಪಣ್ಣನ ಸುದ್ದಿ ಎತ್ತಿದ. ಸಾಹೇಬರು ಮೊದಲ ಸಲ ಪಂಪ್ ಶೆಡ್ಡಿಗೆ ಬಂದದ್ದು ಆಗಲೇ. ಒಂಬತ್ತು ಪುಸ್ತಕ. ಒಂದು ದಿನವೂ ಖಾಲಿ ಇಲ್ಲ. ಅದರ ನಕಲು ವಿಮಾನದಲ್ಲಿ ಹೋಯಿತು. ಆ ದೇಶದವರಿಗೆ ಜೀವ ಬಂತು. ಬಂದು ನೋಡುತ್ತೇವೆ, ಅಲ್ಲಿಯವರೆಗೆ ಅಳತೆ ನಿಲ್ಲಿಸಬೇಡಿ ಎಂದು ಬರೆದರು.

ಅವನು ಹೋದ ಮೇಲೆ ಹತ್ತೊಂಬತ್ತು ದಿನ ಯಾರೂ ಅಳೆಯಲಿಲ್ಲ. ಹೊಸ ಪಂಪ್ ಆಪರೇಟರ್ ಬಂದ. “ಟೇಪು ಇಳಿಸೋದು ನನ್ನ ಕೆಲಸದಲ್ಲಿಲ್ಲ” ಎಂದ. ಇಪ್ಪತ್ತನೆಯ ದಿನ ಸಾಹೇಬರು ಮನೆಗೆ ಬಂದರು.

“ನೋಡಮ್ಮ, ಅಂಕಿ ಓದೋಕೆ ಬರುತ್ತಾ?”

“ನಾಲ್ಕನೇ ಕ್ಲಾಸು.”

“ಸಾಕು. ಅವರು ಬಂದು ಹೋಗೋವರೆಗೆ ನೀವೇ ಅಳೀರಿ.”

ಅವಳು ಹೋದಳು. ಬೇರೆ ಏನು ಮಾಡಲಿಕ್ಕಿತ್ತು? ತಲೆ ತಗ್ಗಿಸಿ ಗೇಟಿನಿಂದ ನೇರ ಬಾವಿಗೆ, ಬಾವಿಯಿಂದ ನೇರ ಗೇಟಿಗೆ. ಶೆಡ್ಡಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತಿತ್ತು, ಅತ್ತರೆ ಗುಳುಕ್ ಕೇಳಿಸುತ್ತಿರಲಿಲ್ಲ. ಮೊದಲ ದಿನ ಬಂದ ಅಂಕಿ ಹನ್ನೆರಡು ಮೀಟರ್ ಎಪ್ಪತ್ತೆರಡು ಸೆಂಟಿಮೀಟರ್. ಅವನ ಕೊನೆಯ ಅಂಕಿ ಹನ್ನೆರಡು ಮೂವತ್ತು. ಮೂರು ಸಲ ಇಳಿಸಿದಳು. ಮೂರು ಸಲವೂ ಅದೇ. ನನಗೇ ಬರುತ್ತಿಲ್ಲ ಅಂದುಕೊಂಡಳು. ಆದರೂ ಕಂಡದ್ದನ್ನೇ ಬರೆದಳು.

ಮುಂದಿನ ತಿಂಗಳು ಬರಬೇಕಾದವರು ಮೂರು ತಿಂಗಳ ಮೇಲೆ ಬಂದರು. ಆರು ಕಾರು. ಅವರಲ್ಲಿ ಒಬ್ಬ ಎಂಜಿನಿಯರ್ ಹೆಂಗಸು, ಮುಖದ ತುಂಬ ಮಚ್ಚೆ, ಕಾಲಿಗೆ ಗಂಡಸರ ಬೂಟು. ಜೊತೆಗೆ ನಮ್ಮ ಮಾತು ಬಲ್ಲ ಒಬ್ಬ ದುಭಾಷಿ. ಆ ಹೆಂಗಸು ಹನ್ನೊಂದು ವರ್ಷದ ಅಂಕಿಗಳನ್ನು, ಆಮೇಲೆ ಕಳಿಸಿದ ಇವಳ ಅಂಕಿಗಳನ್ನೂ ಸೇರಿಸಿ, ಒಂದು ಗೆರೆಯಾಗಿ ಬರೆದುಕೊಂಡು ಬಂದಿದ್ದಳು. ಗೆರೆ ಸಣ್ಣಗೆ ಏರಿ ಸಣ್ಣಗೆ ಇಳಿದು ಹೋಗುತ್ತಿತ್ತು. ಕೊನೆಯಲ್ಲಿ ಮಾತ್ರ ದೊಪ್ಪನೆ ಬಿದ್ದಿತ್ತು. ಅಲ್ಲಿ ಬೆರಳಿಟ್ಟು ಇದು ಯಾಕೆ ಎಂದು ಕೇಳಿದಳು.

ಸಾಹೇಬರು ಟೇಪಣ್ಣನ ಹೆಂಡತಿಯನ್ನು ಪಕ್ಕಕ್ಕೆ ಕರೆದರು. “ತಪ್ಪಾಗಿ ಓದಿಬಿಟ್ಟೆ ಅಂತ ಒಪ್ಪಿಕೊಂಡುಬಿಡಿ ಅಮ್ಮಾ. ಗಂಡ ಹೋದ ದುಃಖದಲ್ಲಿದ್ದೆ ಅನ್ನಿ. ಅಲ್ಲಿಗೆ ಮುಗೀತು.”

ಅವಳು ಒಪ್ಪಿಕೊಳ್ಳುತ್ತಿದ್ದಳು. ಅವಳಿಗೂ ಹಾಗೇ ಅನ್ನಿಸಿತ್ತಲ್ಲ. ಅಷ್ಟರಲ್ಲಿ ಮಚ್ಚೆಯ ಹೆಂಗಸು ತನ್ನದೇ ಟೇಪು ತೆಗೆದು ಬಾವಿಗೆ ಇಳಿಸಿದಳು. ಹನ್ನೆರಡು ಎಂಬತ್ತು. ಆ ಬೆಳಗ್ಗೆ ಇವಳು ಬರೆದದ್ದೂ ಹನ್ನೆರಡು ಎಂಬತ್ತೇ. ಹೆಂಗಸು ಅವಳ ಕಡೆ ನೋಡಿ ತಲೆ ಆಡಿಸಿ, ದುಭಾಷಿಗೆ ಏನೋ ಹೇಳಿದಳು. ದುಭಾಷಿ ಗಂಟಲು ಸರಿ ಮಾಡಿಕೊಂಡ.

“ಈಕೆ ಬರೆದದ್ದು ಸರಿ ಇದೆ ಅಂತಾರೆ. ಹಾಗಿದ್ರೆ ಎರಡೇ ದಾರಿ. ಹತ್ತೊಂಬತ್ತು ದಿನದಲ್ಲಿ ಬಾವಿ ನಿಜವಾಗ್ಲೂ ಇಷ್ಟು ಬತ್ತಿದ್ರೆ ಇಲ್ಲಿ ಕಾರ್ಖಾನೆ ಕಟ್ಟೋ ಹಾಗಿಲ್ಲ. ಬತ್ತಿಲ್ಲ ಅಂದ್ರೆ, ಮೊದಲಿನ ಅಂಕಿಗಳನ್ನ ಅಳತೆ ಮಾಡದೆ ಕೂತಲ್ಲೇ ಬರೆದಿರಬಹುದು ಅಂತಾರೆ.”

“ಕೂತಲ್ಲೇ?” ಎಂದಳು ಅವಳು.

“ಅವರು ಹೇಳಿದ್ದು ಹೇಳ್ತಿದೀನಿ ಅಷ್ಟೇ.”

ಸಾಹೇಬರು ಕ್ಷಣ ಯೋಚಿಸಿದರು. ಸತ್ತವನು ಬಂದು ಜಗಳ ಮಾಡುವುದಿಲ್ಲ. “ಇರಬಹುದು. ಅವನು ಅಷ್ಟೇನೂ ಓದಿದವನಲ್ಲ” ಎಂದರು.

ಹನ್ನೊಂದು ವರ್ಷ, ಕತ್ತಲಲ್ಲಿ ಎದ್ದು, ಜ್ವರದಲ್ಲಿ ಎದ್ದು. ಅವಳಿಗೆ ಎಲ್ಲಾದರೂ ಕೂರಬೇಕು ಅನ್ನಿಸಿ, ಯೋಚನೆ ಇಲ್ಲದೆ ಶೆಡ್ಡಿನ ಬಾಗಿಲಿಗೆ ನಡೆದಳು. ಎಂದಿನ ಜಾಗದಲ್ಲಿ ಕೂರಲು ಬಗ್ಗಿದಳು. ಕೆಳಗಿನ ಮೆಟ್ಟಿಲು ಇರಲಿಲ್ಲ. ಮೇಲಿನದೂ ಇರಲಿಲ್ಲ. ಬೂದು ಬಣ್ಣದ ಹೊಸ ಟೈಲ್ಸ್ ಹೊಸ್ತಿಲ ಮಟ್ಟಕ್ಕೇ ಹಾಸಿದ್ದವು. ಅವಳು ದಿನಾ ಅದರ ಮೇಲೆಯೇ ನಡೆದಿದ್ದಳು. ಕಣ್ಣಿಗೆ ಬಿದ್ದರೂ ಮನಸ್ಸಿಗೆ ತಟ್ಟಿರಲಿಲ್ಲ.

“ಮೆಟ್ಟಿಲು ಎಲ್ಲಿ?” ಎಂದು ಕೂಗಿದಳು.

“ಯಾವ ಮೆಟ್ಟಿಲಮ್ಮಾ? ಈಗ ಮೆಟ್ಟಿಲು ಕಟ್ಟಿಕೊಂಡು ಏನಾಗಬೇಕು?” ಸಾಹೇಬರಿಗೆ ರೇಗಿತು.

“ಇಲ್ಲಿ ಎರಡು ಮೆಟ್ಟಿಲಿತ್ತು. ನಾನೇ ಕೂತಿದೀನಿ. ಯಾರು ಮುಚ್ಚಿದ್ದು?”

ಅಂಗಳದ ಮೇಸ್ತ್ರಿ ಅಲ್ಲೇ ಕಾರುಗಳ ಹತ್ತಿರ ನಿಂತಿದ್ದ. ತನ್ನ ಕೆಲಸವನ್ನು ಯಾರಾದರೂ ಹೊಗಳಲಿ ಎಂದು ಬಂದವನು. “ನಾನೇ ಅಕ್ಕಾ. ಬರೋರ ಬೂಟಿಗೆ ಕೆಸರು ಹತ್ತಬಾರದು ಅಂತ ಸಾಹೇಬ್ರು ಹೇಳಿದ್ರು. ಅಂಗಳಕ್ಕೆಲ್ಲ ಮಣ್ಣು ಹೊಡೆಸಿ ಎತ್ತರ ಮಾಡಿದ್ವಿ. ಅಣ್ಣ ತೀರಿಹೋದ ವಾರಾನೇ.”

“ಬಾವಿ ಪೈಪು? ಅದು ಮಣ್ಣಲ್ಲಿ ಹೂತು ಹೋಗಲಿಲ್ವಾ?”

“ಹೂತು ಹೋಗೋಕೆ ಬಿಡ್ತೀನಾ? ಅಂಗಳ ಎಷ್ಟು ಎದ್ದಿತೋ ಅಷ್ಟೇ ತುಂಡು ವೆಲ್ಡಿಂಗ್ ಮಾಡಿಸಿ ಮೇಲೆತ್ತಿದೆ. ಬಣ್ಣಾನೂ ಹೊಡೆದೆ. ಹೊಸದರ ಹಾಗೆ ಕಾಣ್ತಿಲ್ವಾ?”

ದುಭಾಷಿ ಹೇಳಿ ಮುಗಿಸುವ ಮೊದಲೇ ಮಚ್ಚೆಯ ಹೆಂಗಸು ಟೈಲ್ಸ್ ಮೇಲೆ ಮಂಡಿಯೂರಿದ್ದಳು. ಹಾರೆ ತರಿಸಿದರು. ಪೈಪಿನ ಬುಡದಲ್ಲಿ ಅಗೆದರು, ಬಾಗಿಲ ಮುಂದೆ ಅಗೆದರು. ಮಣ್ಣಿನಡಿ ಮೆಟ್ಟಿಲೆರಡೂ ಇದ್ದಲ್ಲೇ ಇದ್ದವು. ಹೆಂಗಸು ಟೇಪು ಹಿಡಿದಳು. ಒಂದು ಮೆಟ್ಟಿಲು ಇಪ್ಪತ್ತೊಂದು ಸೆಂಟಿಮೀಟರ್, ಎರಡಕ್ಕೆ ನಲವತ್ತೆರಡು. ಪೈಪಿನ ಬಾಯಿಂದ ವೆಲ್ಡಿಂಗ್ ಗಂಟಿನವರೆಗೂ ನಲವತ್ತೆರಡು. ಅವನ ಕೊನೆಯ ಅಂಕಿಗೂ ಅವಳ ಮೊದಲ ಅಂಕಿಗೂ ನಡುವೆ ಬಿದ್ದ ಅಂತರವೂ ಅಷ್ಟೇ. ನೀರು ಇಳಿದಿರಲಿಲ್ಲ. ಬಾವಿಯ ಬಾಯಿ ಮೇಲೆದ್ದಿತ್ತು.

ಹೆಂಗಸು ಕೆಸರು ಮೆತ್ತಿದ ಮಂಡಿಯಲ್ಲೇ ಎದ್ದು ನಿಂತು ಸಾಹೇಬರಿಗೆ ಏನೋ ಹೇಳಿದಳು. ದುಭಾಷಿ ನಗು ತಡೆದುಕೊಂಡ. “ನಮ್ಮ ಬೂಟಿನ ಕೆಸರು ತೊಳೆದ್ರೆ ಹೋಗ್ತಿತ್ತು ಅಂತಾರೆ.”

ಆಮೇಲೆ ಆಕೆ ಪುಸ್ತಕ ತಿರುವುತ್ತಾ ಇವಳ ಕಡೆ ಬಂದಳು. ಖಾಲಿ ಬಿಟ್ಟ ಹತ್ತೊಂಬತ್ತು ಸಾಲು ತೋರಿಸಿದಳು.

“ಇದು ಯಾಕೆ ಖಾಲಿ ಅಂತ ಕೇಳ್ತಾರೆ.”

“ಆ ದಿನ ಯಾರೂ ಅಳೆದಿಲ್ಲ. ಅಳೆಯದ್ದು ಹೇಗೆ ಬರೆಯೋದು?”

ದುಭಾಷಿ ಹೇಳಿದ. ಹೆಂಗಸು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು.

ಎರಡು ತಿಂಗಳ ಮೇಲೆ ದೊಡ್ಡ ಹಾಲಿನಲ್ಲಿ ಸಹಿ ಆಯಿತು. ಅವಳನ್ನೂ ಕರೆದಿದ್ದರು, ಹಿಂದಿನಿಂದ ಮೂರನೆಯ ಸಾಲು. ರಾಜ್ಯದವರು, ಆ ದೇಶದವರು ಒಬ್ಬರಿಗೊಬ್ಬರು ಪೆನ್ನು ಕೊಟ್ಟುಕೊಂಡರು. ಸಾಹೇಬರು ತಮ್ಮ ಇಲಾಖೆಯ ಕಟ್ಟುನಿಟ್ಟಾದ ದಾಖಲೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು.

“ನನ್ನ ಮಗನ ಹೆಸರು ಹೇಳಿದ್ರಾ?”

“ಇಲ್ಲ ಅತ್ತೆ.”

“ನಿನ್ನದು?”

“ಇಲ್ಲ.”

“ಬಾವೀದಾದ್ರೂ?”

“ಅದನ್ನ ಹೇಳಿದ್ರು. ಮೂರು ಸಲ.”

“ಹೋಗಲಿ ಬಿಡು” ಎಂದರು ಅತ್ತೆ. ಆಮೇಲೆ ಒಳಗೆ ಹೋಗಿ ಅತ್ತರು. ಅವಳು ಹೊರಗೇ ನಿಂತಿದ್ದಳು.

ಒಪ್ಪಂದದಲ್ಲಿ ಒಂದು ಸಾಲು ಮಚ್ಚೆಯ ಹೆಂಗಸು ಸೇರಿಸಿದ್ದು. ಕಾರ್ಖಾನೆ ನೀರೆತ್ತುವಷ್ಟು ಕಾಲವೂ ದಿನಾ ಅಳತೆ ಆಗಬೇಕು, ಅಳೆಯುವವರಿಗೆ ಕಾಯಂ ಕೆಲಸ. ಹೊರಡುವ ದಿನ ಆಕೆ ದುಭಾಷಿಯ ಬಾಯಲ್ಲಿ ಕೇಳಿಸಿದ್ದಳು. ಹೊಸ ಪೈಪಿನ ಬಾಯಿಂದಲೇ ಹೊಸ ಲೆಕ್ಕ ಶುರು ಮಾಡಿದರೂ ನಡೆಯುತ್ತದೆ, ಅದು ಸುಲಭ. ಇಲ್ಲ, ದಿನಾ ನಲವತ್ತೆರಡು ಕಳೆದು ಹಳೆಯ ಲೆಕ್ಕದಲ್ಲೇ ಮುಂದುವರಿಸಬಹುದು. ಯಾವುದು?

“ಕಳೀತೀನಿ” ಎಂದಿದ್ದಳು ಅವಳು.

ಈಗ ಅಂಗಳದ ಆಚೆ ಕಾರ್ಖಾನೆಯ ಗೋಡೆ ಏಳುತ್ತಿದೆ. ಬೆಳಗಿನ ಪಾಳಿಯವರು ಬರುವುದಕ್ಕೆ ಮೊದಲು ಅವಳು ಬಾವಿಯ ಮುಚ್ಚಳ ತೆಗೆಯುತ್ತಾಳೆ. ಟೇಪು ಇಳಿಸುತ್ತಾಳೆ. ಉಸಿರು ಬಿಗಿ ಹಿಡಿದು ಗುಳುಕ್‌ಗೆ ಕಾಯುತ್ತಾಳೆ. ಇವತ್ತು ಹನ್ನೆರಡು ತೊಂಬತ್ತು. ಅಂಗೈ ಮೇಲೆ ಬರೆದುಕೊಂಡು ನಲವತ್ತೆರಡು ಕಳೆಯುತ್ತಾಳೆ. ನಿನ್ನೆ ಕಳೆದದ್ದೇ ಆದರೂ ಬೆರಳು ಮಡಿಚಿ ಇನ್ನೊಮ್ಮೆ ಎಣಿಸುತ್ತಾಳೆ. ಹನ್ನೆರಡು ನಲವತ್ತೆಂಟು. ಅವನ ಅಂಕಿಗಳ ಕೆಳಗೆ, ಅದೇ ಪಟ್ಟಿಯಲ್ಲಿ, ಅದನ್ನು ಬರೆಯುತ್ತಾಳೆ. ಟೇಪು ಒರೆಸಿ ಸುತ್ತುತ್ತಾಳೆ. ಮುಚ್ಚಳ ಹಾಕುತ್ತಾಳೆ.