ದಪ್ಪ ದಿಮ್ಮಿಯ ದಾರಿ ಕಾದವರು

ನಮ್ಮ ದೊಡ್ಡಪ್ಪ ಮರದ ಮಿಲ್ಲಿನ ಮ್ಯಾನೇಜರು. ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಪೊಳ್ಳೋ ಗಟ್ಟಿಯೋ ಹೇಳುತ್ತಿದ್ದರು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಕ್ಕಪಕ್ಕದ ಮಿಲ್ಲಿನವರೆಲ್ಲ ಕಾಡಿನ ಮರ ನಿಂತಿತು, ಇನ್ನು ಮುಂದೆ ಬರುವುದು ರೈತರ ತೋಪಿನ ಸಣ್ಣ ಮರವೇ ಎಂದು ಸಣ್ಣ ಗರಗಸ ಹಾಕಿಸಿದರು. ದೊಡ್ಡಪ್ಪ ಮಾಲೀಕರನ್ನು ಒಪ್ಪಿಸಿ ಆಳೆತ್ತರದ್ದು ತರಿಸಿದರು.

"ತೋಪು ಬಲೀಲಿ, ದಪ್ಪ ದಿಮ್ಮಿ ಬಂದೇ ಬರುತ್ತೆ," ಎನ್ನುತ್ತಿದ್ದರು.

ಗರಗಸ ನಡೆಸುತ್ತಿದ್ದವರು ಅವರ ತಮ್ಮ, ಅಂದರೆ ನಮ್ಮಪ್ಪ. ಪ್ಲೈವುಡ್ ಕಾರ್ಖಾನೆಗೆ ಹೊರಟಿದ್ದ ಅವರನ್ನೂ ಇದೇ ಮಾತು ಹೇಳಿ ನಿಲ್ಲಿಸಿದರು. ಅಣ್ಣ ಹಾಕಿದ ಗೆರೆ ಅಪ್ಪ ದಾಟುತ್ತಿರಲಿಲ್ಲ.

ತೋಪು ಬಲಿಯಲೇ ಇಲ್ಲ. ಮರ ತೊಡೆಗಾತ್ರ ಆಗುವಷ್ಟರಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು. ಬೆಳೆಸಿದವನ ಮನೆಯೂ ನಡೆಯಬೇಕಲ್ಲ, ಕಾಯುವವರು ಯಾರು? ನಮ್ಮ ಗರಗಸ ಬಾಯಿ ಬಿಟ್ಟುಕೊಂಡು ಕೂತಿತು. ಕೊನೆಗೆ ಮಾಲೀಕರು, "ಈ ತಿಂಗಳೂ ಹೀಗೇ ಆದ್ರೆ ಬೀಗ ಹಾಕ್ತೀನಿ," ಎಂದರು.

ಆಗಲೇ ರಸ್ತೆ ಅಗಲ ಮಾಡುವಾಗ ಉರುಳಿಸಿದ ಹಳೆಯ ಮರವೊಂದು ದೊಡ್ಡಪ್ಪನಿಗೆ ಸಿಕ್ಕಿತು. ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪ. "ನೋಡ್ದೇನೋ? ಬರುತ್ತೆ ಅಂದಿದ್ನಲ್ಲ," ಎಂದು ನಗುತ್ತ ಅಪ್ಪನ ಭುಜ ತಟ್ಟಿ, ಮಾಲೀಕರನ್ನೂ ಕರೆಸಿದರು. ಊಟದ ಡಬ್ಬಿ ಹಿಡಿದು ನಾನೂ ಬಾಗಿಲಲ್ಲಿ ನಿಂತಿದ್ದೆ.

ದಾರಿಬದಿಯ ಮರಕ್ಕೆ ಜನ ಬೋರ್ಡು ಹೊಡೆದಿರುತ್ತಾರೆ. ಮೊಳೆಯನ್ನು ಮರ ಒಳಗೆ ಸೇರಿಸಿಕೊಂಡು ಬೆಳೆದುಬಿಡುತ್ತದೆ. ತೊಗಟೆ ಕೆತ್ತಿ ಕಬ್ಬಿಣ ಹುಡುಕದೆ ಗರಗಸಕ್ಕೆ ಕೊಡಬಾರದು. ಮಿಲ್ಲಿನಲ್ಲಿ ಆ ನಿಯಮ ಮಾಡಿದವರೇ ದೊಡ್ಡಪ್ಪ. ಅಂದು ಮಾತ್ರ, "ಹಾಕು, ಹಾಕು," ಎಂದರು.

ಅಪ್ಪ ಒಮ್ಮೆ ಅಣ್ಣನ ಮುಖ ನೋಡಿದರು. ಆಮೇಲೆ ಹಾಕಿದರು.

ಕಿಡಿ ಹಾರಿತು. ಗರಗಸದ ಪಟ್ಟಿ ತುಂಡಾಗಿ ಗೋಡೆಗೆ ಬಡಿಯಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮಾಲೀಕರು ತಿರುಗಿ ಕಾರು ಹತ್ತಿದರು. ಮಿಲ್ಲು ಅಲ್ಲಿಗೆ ಮುಗಿಯಿತು. ಐವತ್ತು ದಾಟಿದ ಅಪ್ಪನನ್ನು ಇನ್ನು ಯಾವ ಕಾರ್ಖಾನೆಯೂ ಸೇರಿಸಿಕೊಳ್ಳುವ ಹಾಗಿರಲಿಲ್ಲ.

ದೊಡ್ಡಪ್ಪ ಮರದ ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತರು.

"ಮೊಳೆ ಇರುತ್ತೆ ಅಂತ ನಿಂಗೆ ಗೊತ್ತಿತ್ತಲ್ವೇನೋ?"

"ಗೊತ್ತಿತ್ತು," ಎಂದರು ಅಪ್ಪ.

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀನು ನಕ್ಕು ಎಷ್ಟು ವರ್ಷ ಆಗಿತ್ತಣ್ಣ."

ದೊಡ್ಡಪ್ಪ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಪಕ್ಕದಲ್ಲಿ ಕೂತು, ಅವರ ಬೆನ್ನಿಗಂಟಿದ್ದ ಹೊಟ್ಟನ್ನು ಕೊಡವುತ್ತಿದ್ದರು.